ಬೂದುಗಿಡುಗನ ದನಿ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮಾತಿನ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ತಾನು ಡಾಕ್ಟರಲ್ಲ, ಸ್ಪೀಚ್ ಥೆರಪಿಸ್ಟ್ ಎಂದು ಮೊದಮೊದಲು ತಿದ್ದಲು ನೋಡಿದಳು. ಲಕ್ವ ಹೊಡೆದು ನಾಲಿಗೆ ಹೊರಳದವರ ಬಾಯಲ್ಲಿ ಆ ಹೆಸರು ಹೇಳಿಸುವುದೇ ಒಂದು ಶಿಕ್ಷೆ ಅನಿಸಿದ ಮೇಲೆ ಸುಮ್ಮನಾದಳು. ನೆಲಮಾಳಿಗೆಯಲ್ಲಿ ಅವಳದೊಂದು ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ, ಬಾಯಿ ನೋಡಿಕೊಳ್ಳಲು ಒಂದು ಕನ್ನಡಿ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ದಪ್ಪ ಸ್ಪಂಜಿನ ಹಲಗೆ. ಬಾಗಿಲು ಮುಚ್ಚಿದರೆ ಒಳಗಿದ್ದವರ ಉಸಿರು ಅವರಿಗೇ ಕೇಳಿಸುತ್ತಿತ್ತು.

ಅವಳಿಗೂ ಅವಳ ತಮ್ಮನಿಗೂ ಚಿಕ್ಕಂದಿನಿಂದ ಒಂದೇ ಹುಚ್ಚು, ಬೂದುಗಿಡುಗ. ಬೂದು ಮುಖವಾಡ ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಹಾರುವ ಆ ನಾಯಕನ ಮೂರು ಸಿನಿಮಾ ಬಂದಿದ್ದವು. ಮೊದಲನೆಯದು ಬಂದದ್ದು ಅಪ್ಪ ಮನೆ ಬಿಟ್ಟು ಹೋದ ವರ್ಷ. ಅಮ್ಮ ಬಟ್ಟೆ ಗಿರಣಿಯ ಪಾಳಿಗೆ ಹೋದರೆ ಅಕ್ಕ ತಮ್ಮ ಇಬ್ಬರೇ ಮನೆಯಲ್ಲಿ. ಕರೆಂಟು ಹೋಯಿತೆಂದರೆ ತಮ್ಮ ಅವಳ ಲಂಗ ಹಿಡಿದುಕೊಳ್ಳುತ್ತಿದ್ದ. ಆಗ ಅವಳು ದನಿ ದಪ್ಪ ಮಾಡಿ, ಬೂದುಗಿಡುಗ ಪ್ರತಿ ಸಿನಿಮಾದಲ್ಲೂ ಹೇಳುವ ಮಾತು ಹೇಳುತ್ತಿದ್ದಳು: "ಹೆದರಬೇಡ, ಮೇಲೆ ನೋಡು." ತಮ್ಮ ಕತ್ತಲಲ್ಲಿ ಚಾವಣಿ ನೋಡುತ್ತಿದ್ದ. ಅಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಲಂಗ ಬಿಡುತ್ತಿದ್ದ. ಈಗ ಅವನು ಮೂವತ್ತೆಂಟು ವರ್ಷದ ಬಸ್ ಡ್ರೈವರ್. ಅಕ್ಕ ಮದುವೆಯಾಗಲಿಲ್ಲ, ತಮ್ಮನ ಹೆಂಡತಿ ಬೇರೆಯಾಗಿ ಹೋಗಿದ್ದಳು. ಅಮ್ಮ ತೀರಿಕೊಂಡ ಮೇಲೆ ಇಬ್ಬರೂ ಅದೇ ಮನೆಯಲ್ಲಿ ಇದ್ದರು.

ಎಂಟು ವರ್ಷದ ಹಿಂದೆ ಒಂದು ಬೆಳಗ್ಗೆ ಆ ನೆಲಮಾಳಿಗೆಯ ಕೋಣೆಗೆ ಗಾಲಿಕುರ್ಚಿಯಲ್ಲಿ ಒಬ್ಬರನ್ನು ತಳ್ಳಿಕೊಂಡು ಬಂದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಬಲಗಡೆ ತುಟಿ ಜೋತು, ಗದ್ದಕ್ಕೆ ಎಂಜಲು ಇಳಿಯುತ್ತಿತ್ತು. ಕಾಗದದಲ್ಲಿ ಹೆಸರು ನೋಡಿದಾಗಲೇ ಅವಳಿಗೆ ಗೊತ್ತಾದದ್ದು, ಇವರು ಬೂದುಗಿಡುಗ. ಆ ದಿನ ರೆಕಾರ್ಡರಿನ ಗುಂಡಿ ಒತ್ತಲು ಅವಳು ಎರಡು ಸಲ ತಪ್ಪಿದಳು.

ಎಂಟು ತಿಂಗಳು, ನಲವತ್ತೊಂದು ಪಾಠ. ತುಟಿ ಕೂಡದ್ದರಿಂದ ಪ, ಬ, ಮ ಅವರಿಗೆ ಕಷ್ಟವಾಗುತ್ತಿತ್ತು. ಅವಳು ಪೆನ್ಸಿಲಿನಿಂದ ಮೇಜು ತಟ್ಟುತ್ತ ಒಂದೊಂದೇ ಅಕ್ಷರ ಹೇಳಿಸುತ್ತಿದ್ದಳು. ಬಾ-ಗಿ-ಲು. ಬು-ಟ್ಟಿ. ಮೇ-ಲೆ. ಮಾತಿಗೆ ಮೊದಲು ಎಂಜಲು ನುಂಗಬೇಕು, ಮೂಗಿನಿಂದ ಸಣ್ಣ ಉಸಿರು ತೆಗೆದುಕೊಳ್ಳಬೇಕು, ಆಮೇಲೆ ಬಾಯಿ ತೆರೆಯಬೇಕು ಎಂದು ಕಲಿಸಿದಳು. ಅವರು ಒಳ್ಳೆಯ ವಿದ್ಯಾರ್ಥಿ. ಕೆಲವು ಮಾತು ಹೆಚ್ಚುಕಡಿಮೆ ಹಳೆಯ ದನಿಯಲ್ಲೇ ಬರತೊಡಗಿದ್ದವು. ಮನೆಯಲ್ಲಿ ಅಭ್ಯಾಸಕ್ಕೆಂದು ಮೊದಲ ಹನ್ನೆರಡು ಪಾಠದ ರೆಕಾರ್ಡಿಂಗನ್ನು ಅವರ ಹೆಂಡತಿಗೆ ಕೊಟ್ಟಿದ್ದಳು. ನಲವತ್ತೊಂದನೆಯ ಪಾಠದ ಕೊನೆಗೆ ಅವರು ಇವನ್ನೆಲ್ಲ ಅಳಿಸಿಬಿಡಿ ಎಂದು ಕೇಳಿಕೊಂಡರು. ಅವಳು ಆಗಲಿ ಸರ್ ಎಂದಳು. ಹತ್ತು ದಿನಕ್ಕೆ ಎರಡನೆಯ ಸಲ ಲಕ್ವ ಹೊಡೆದು ಅವರು ಹೋಗಿಬಿಟ್ಟರು.

ಆಸ್ಪತ್ರೆಯ ಕಂಪ್ಯೂಟರಿನಿಂದ ಅವಳು ಅಳಿಸಿದಳು. ಆದರೆ ಅದಕ್ಕೆ ಮೊದಲು ಒಂದು ಪೆನ್ ಡ್ರೈವಿಗೆ ಎಲ್ಲ ಇಳಿಸಿಕೊಂಡು ಮನೆಗೆ ಒಯ್ದಳು. ಅಭ್ಯಾಸಕ್ಕೆಂದು ಮನೆಯವರಿಗೆ ಕೊಡುವುದು ಬಿಟ್ಟರೆ ರೋಗಿಯ ದನಿ ಆಸ್ಪತ್ರೆಯ ಬಾಗಿಲು ದಾಟಬಾರದು ಎಂಬುದು ನಿಯಮ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಅದೆಲ್ಲ ಗೊತ್ತಿದ್ದೇ ಮಾಡಿದಳು. ಆ ಹೊತ್ತಿನಲ್ಲಿ ಅವಳು ಮಾತಿನ ಡಾಕ್ಟರಮ್ಮ ಆಗಿರಲಿಲ್ಲ, ಟಾಕೀಸಿನ ಮುಂದಿನ ಸಾಲಿನಲ್ಲಿ ಕೂತ ಹುಡುಗಿಯಾಗಿದ್ದಳು. ಬೀರುವಿನ ಒಳಗೆ, ಅಮ್ಮನ ಕನ್ನಡಕದ ಡಬ್ಬಿಯಲ್ಲಿ ಅದನ್ನಿಟ್ಟಳು. ಆಮೇಲೆ ಒಂದು ಸಲವೂ ತೆಗೆದು ಕೇಳಲಿಲ್ಲ.

ಈ ವರ್ಷ ಬೂದುಗಿಡುಗ ಮರಳಿ ಬರುತ್ತಾನೆಂದು ಊರೆಲ್ಲ ಪೋಸ್ಟರ್ ಬಿತ್ತು. ಸತ್ತ ನಟನ ಮುಖವನ್ನೂ ದನಿಯನ್ನೂ ಕಂಪ್ಯೂಟರಿನಲ್ಲಿ ಕಟ್ಟಿದ್ದಾರಂತೆ. ಹಳೆಯ ಸಿನಿಮಾಗಳಿಂದ ತೆಗೆದಿರುತ್ತಾರೆ ಎಂದುಕೊಂಡು ಅವಳು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ತಮ್ಮನಂತೂ ಕಾಲು ನೆಲಕ್ಕೆ ತಾಗದವನ ಹಾಗೆ ಓಡಾಡಿದ. ಇಬ್ಬರಿಗೂ ಬೂದು ಬಣ್ಣದ ಟೀ ಶರ್ಟ್ ತಂದ. ಈ ವಯಸ್ಸಿನಲ್ಲಿ ಇದೇನು ವೇಷ ಎಂದು ಗೊಣಗುತ್ತಲೇ ಅವಳೂ ಹಾಕಿಕೊಂಡಳು. ರಜೆಯ ದಿನ ಮಧ್ಯಾಹ್ನದ ಆಟಕ್ಕೆ ಹೋದರು.

ಟಾಕೀಸಿನ ತುಂಬ ಅವರ ವಯಸ್ಸಿನವರೇ. ಪರದೆಯ ಮೇಲೆ ಆ ಮುಖ ಬಂದಾಗ ಸೀಟಿಯ ಮೇಲೆ ಸೀಟಿ. ಎರಡೂ ತುಟಿ ಸರಿಯಾಗಿ ನಗುವ ಮುಖ, ಸುಕ್ಕಿಲ್ಲದ ಕೆನ್ನೆ. ಅವಳ ಕಣ್ಣಲ್ಲೂ ನೀರು ಬಂತು. ಅರ್ಧ ಗಂಟೆಯ ಹೊತ್ತಿಗೆ ಬೂದುಗಿಡುಗ ಬೆಂಕಿ ಹತ್ತಿದ ಕಟ್ಟಡದ ಮುಂದೆ ಇಳಿದ. ಎಲ್ಲ ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಗಂಟಲು ಮೆಲ್ಲಗೆ ನುಂಗಿದ ಸದ್ದು. ಮೂಗಿನಿಂದ ಒಂದು ಪುಟ್ಟ ಉಸಿರು. ಆಮೇಲೆ, "ಬಾಗಿಲು ತೆಗಿ."

ಬಾ, ಗಿ, ಲು. ಒಂದೊಂದು ಅಕ್ಷರಕ್ಕೂ ಸಮನಾದ ಅಂತರ, ಗಿ ಮೇಲೆ ಸ್ವಲ್ಪ ಏರು. ಪೆನ್ಸಿಲಿನ ತಟ್ಟು ಮಾತ್ರ ಇರಲಿಲ್ಲ. ಮುನ್ನೂರು ಸಲ ಕೇಳಿದ ಬಾಗಿಲು ಅದು. ಹಳೆಯ ಸಿನಿಮಾಗಳಲ್ಲಿ ಆ ಮನುಷ್ಯ ಹೀಗೆ ಮಾತಾಡಿದ್ದೇ ಇಲ್ಲ. ಆ ನುಂಗುವಿಕೆ, ಆ ಉಸಿರು, ಆ ತಾಳ ಹುಟ್ಟಿದ್ದು ಒಂದೇ ಒಂದು ಕಡೆ, ಅವಳ ಕೋಣೆಯಲ್ಲಿ.

ಆಮೇಲೆ ಅವಳು ಸಿನಿಮಾ ನೋಡಲಿಲ್ಲ, ಕೇಳಿದಳು. ಬೂದುಗಿಡುಗ ಬಾಯಿ ತೆರೆದಾಗೆಲ್ಲ ಮೊದಲು ಆ ನುಂಗುವ ಸದ್ದು ಬರುತ್ತಿತ್ತು. ಅಕ್ಕಪಕ್ಕದವರು ಚಪ್ಪಾಳೆ ತಟ್ಟುತ್ತಿದ್ದರು. ಅವಳಿಗೆ ಕತ್ತಲಲ್ಲಿ ಎದುರಿಗೇ ಗಾಲಿಕುರ್ಚಿ ಇದೆ ಅನಿಸಿತು. ಕೊನೆಗೆ "ಹೆದರಬೇಡ, ಮೇಲೆ ನೋಡು" ಎಂಬ ಮಾತು ಬಂತು. ಟಾಕೀಸಿಗೆ ಟಾಕೀಸೇ ಎದ್ದು ನಿಂತು ಒಟ್ಟಿಗೆ ಹೇಳಿತು. ಅವಳು ಕಿವಿ ಮುಚ್ಚಿಕೊಂಡು ಕೂತಿದ್ದಳು. ಪಾಠದಲ್ಲಿ ಆ ಮಾತನ್ನು ಅವರಿಗೆ ಒಂದು ಸಲವೂ ಪೂರ್ತಿ ಹೇಳಲಾಗಿರಲಿಲ್ಲ.

ಮನೆಗೆ ಬಂದವಳೇ ಚಪ್ಪಲಿ ಸಹ ಬಿಡದೆ ಬೀರು ತೆಗೆದಳು. ಕನ್ನಡಕದ ಡಬ್ಬಿಯಲ್ಲಿ ಪೆನ್ ಡ್ರೈವ್ ಇತ್ತು. ಸಮಾಧಾನವಾಗಲಿಲ್ಲ. ಯಾರಾದರೂ ತೆಗೆದು, ನಕಲು ಮಾಡಿ, ಮತ್ತೆ ಇಟ್ಟಿರಬಹುದಲ್ಲ. ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಬೂದುಗಿಡುಗನ ಅಭಿಮಾನಿಗಳ ಗುಂಪಿನಲ್ಲಿ ತಮ್ಮ ಹಗಲೂ ರಾತ್ರಿ ಹರಟುತ್ತಿದ್ದ. ಅನುಮಾನ ಒಂದು ಸಲ ಹೊಕ್ಕ ಮೇಲೆ ಬಿಡಲಿಲ್ಲ. ಎರಡು ದಿನ ಅವನ ಮುಖ ನೋಡದೆ ಓಡಾಡಿದಳು. ಆಸ್ಪತ್ರೆಯಲ್ಲಿ ಫೋನ್ ರಿಂಗಾದರೆ ಸಾಕು, ಯಾರೋ ಸಿನಿಮಾ ನೋಡಿ ಗುರುತು ಹಿಡಿದಿದ್ದಾರೆ, ಮೇಲಧಿಕಾರಿ ಕರೆಯುತ್ತಿದ್ದಾರೆ ಎಂದೇ ಅನಿಸುತ್ತಿತ್ತು.

ಮೂರನೆಯ ದಿನ ತಮ್ಮ ಡ್ಯೂಟಿಗೆ ಹೊರಟು ಶೂ ಲೇಸು ಕಟ್ಟುತ್ತಿದ್ದಾಗ ಪೆನ್ ಡ್ರೈವ್ ತೆಗೆದಿದ್ದೆಯಾ ಎಂದು ಕೇಳಿಯೇಬಿಟ್ಟಳು. ಅವನು ಬಹಳ ಹೊತ್ತು ಅದೇ ಗಂಟನ್ನು ಬಿಚ್ಚಿ ಕಟ್ಟಿ ಮಾಡಿದ.

"ಒಂದ್ಸಲ ತೆಗ್ದಿದ್ದೆ ಅಕ್ಕ," ಎಂದ. "ಐದಾರು ವರ್ಷ ಆಯ್ತು. ಒಂದು ನಿಮಿಷ ಕೇಳ್ದೆ. ಬುಟ್ಟಿ ಅನ್ನಕ್ಕೆ ಒದ್ದಾಡ್ತಿದ್ರು. ಆಮೇಲೆ ಕೇಳಕ್ಕಾಗ್ಲಿಲ್ಲ, ಅಲ್ಲೇ ಇಟ್ಟೆ. ಯಾರಿಗೂ ಕೊಟ್ಟಿಲ್ಲ."

ನಂಬುವುದೋ ಬಿಡುವುದೋ ಎಂದು ಅವಳು ಯೋಚಿಸುವಷ್ಟರಲ್ಲಿ ಅವನೇ ಮುಂದುವರಿಸಿದ. ಸಿನಿಮಾದಲ್ಲಿ ಆ ದನಿ ಕೇಳಿದಾಗ ನನಗೂ ಬೆನ್ನು ಜುಂ ಅಂದಿತ್ತು, ಯಾಕೆ ಅಂತ ಗೊತ್ತಾಗಲಿಲ್ಲ, ನೀನು ಖುಷಿಯಾಗಿದೀಯ ಅಂತ ಸುಮ್ಮನಿದ್ದೆ ಎಂದ. ನೀನು ನನ್ನ ಮೇಲೆ ಅನುಮಾನ ಪಟ್ಟೆಯಲ್ಲ ಅಂತ ಒಂದು ಮಾತೂ ಆಡಲಿಲ್ಲ. ಗಂಟು ಬಿಗಿದು ಹೊರಟುಹೋದ. ಅದು ಅವಳನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಇನ್ನು ಉಳಿದದ್ದು ಒಂದೇ ದಾರಿ. ಅಭ್ಯಾಸಕ್ಕೆ ಕೊಟ್ಟ ಆ ಹನ್ನೆರಡು ಪಾಠ ಅವರ ಹೆಂಡತಿಯ ಹತ್ತಿರ ಇದ್ದವು. ಮರುದಿನ ಅರ್ಧ ದಿನ ರಜೆ ಹಾಕಿ, ಪೆನ್ ಡ್ರೈವನ್ನೂ ತನ್ನ ಪುಟ್ಟ ರೆಕಾರ್ಡರನ್ನೂ ಚೀಲದಲ್ಲಿ ಹಾಕಿಕೊಂಡು ಹೊರಟಳು. ಅವರೆದುರು ತಪ್ಪೊಪ್ಪಿಕೊಳ್ಳಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಮೂರನೆಯ ಮಹಡಿಯ ಮನೆ. ಹೆಂಡತಿಗೆ ಎಪ್ಪತ್ತರ ಹತ್ತಿರ. ಸಿನಿಮಾಗಳಿಗೆ ಬಟ್ಟೆ ಹೊಲಿಯುತ್ತಿದ್ದಾಕೆ. ಬೂದುಗಿಡುಗನ ಮೊದಲ ಮುಖವಾಡ ಹೊಲಿದದ್ದೂ ಆಕೆಯೇ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇನ್ನೂ ಇತ್ತು, ಸೂಜಿಯಲ್ಲಿ ದಾರ ಇತ್ತು. ಆಕೆ ಇವಳನ್ನು ಕಂಡು ಬಹಳ ಸಂತೋಷಪಟ್ಟರು. ಕೂರಿಸಿ, ಟೀ ಕೊಟ್ಟು, ಸಿನಿಮಾ ನೋಡಿದಿರಾ ಎಂದು ತಾವೇ ಕೇಳಿದರು. ದನಿ ಕೊಟ್ಟದ್ದು ನಾನೇ ಎಂದೂ ತಾವೇ ಹೇಳಿದರು. ಹಳೆಯ ಸಿನಿಮಾಗಳಲ್ಲಿ ಮಾತಿನ ಹಿಂದೆ ಯಾವಾಗಲೂ ಸಂಗೀತ ಇರುತ್ತಿತ್ತಂತೆ, ಸಿನಿಮಾ ಕಂಪನಿಯವರಿಗೆ ಹಿಂದೆ ಸಂಗೀತ ಇಲ್ಲದ ದನಿ ಬೇಕಿತ್ತಂತೆ. ನಿಮ್ಮ ಹನ್ನೆರಡು ಪಾಠ ಕೊಟ್ಟೆ, ನೋಡಿ ಎಷ್ಟು ಚೆನ್ನಾಗಿ ಬಂದಿದೆ ಎಂದರು.

ದನಿ ತನ್ನ ಪೆನ್ ಡ್ರೈವಿನಿಂದ ಹೋಗಿಲ್ಲ. ಹೇಳದೆ ಎದ್ದುಬಿಡೋಣವೇ ಎಂದೂ ಒಂದು ಗಳಿಗೆ ಅನಿಸಿತು.

ಅಷ್ಟರಲ್ಲಿ ಆಕೆ ಸೆರಗಿನ ಮರೆಯಿಂದ ಒಂದು ಫೋನ್ ತೆಗೆದು, ಎರಡು ಟೀ ಲೋಟದ ನಡುವೆ ಇಟ್ಟರು. ಕಂಪನಿಯವರು ಕೊಟ್ಟದ್ದು ಎಂದರು. ಆಮೇಲೆ ಅದರ ಕಡೆ ಬಾಗಿ, "ಯಾರು ಬಂದಿದಾರೆ ನೋಡಿ. ನಿಮ್ಮ ಡಾಕ್ಟರಮ್ಮ," ಎಂದರು.

ಫೋನ್ ನುಂಗಿತು. ಉಸಿರು ತೆಗೆದುಕೊಂಡಿತು.

"ಡಾಕ್ಟರಮ್ಮ, ಚೆನ್ನಾಗಿದೀರಾ? ಕೂತ್ಕೊಳ್ಳಿ."

ಅವಳಿಗೇ ತಿಳಿಯದೆ ಅವಳು ಎದ್ದು ನಿಂತಿದ್ದಳು. "ಚೆನ್ನಾಗಿದೀನಿ ಸರ್," ಎಂದು ಬಾಯಿ ಹೇಳಿಯಾಗಿತ್ತು. ಲೋಟ ಮೊಣಕಾಲಿಗೆ ತಾಗಿ ಟೀ ಚೆಲ್ಲಿತು. ಬಿಸಿ ಇಳಿದದ್ದೂ ಗೊತ್ತಾಗಲಿಲ್ಲ. ಹೆಣದ ಬಾಯಿಗೆ ಯಾರೋ ಹಿಂದಿನಿಂದ ಕೈ ಹಾಕಿ ಆಡಿಸುತ್ತಿರುವಂತೆ ಅನಿಸಿ, ಬಾಗಿಲು ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದಳು.

ಹೆಂಡತಿ ಚೆಲ್ಲಿದ ಟೀ ಒರೆಸುತ್ತ ಮಾತಾಡುತ್ತಲೇ ಇದ್ದರು. ದಿನಾ ಬೆಳಗ್ಗೆ ಎದ್ದಾಗ ಇವರೇ ಮಾತಾಡಿಸುತ್ತಾರೆ, ಮಾತ್ರೆ ನೆನಪಿಸುತ್ತಾರೆ ಎಂದರು. "ಆದರೆ ನಗೋದಕ್ಕೆ ಬರಲ್ಲ. ಜಗಳ ಆಡೋಕೂ ಬರಲ್ಲ. ಏನಂದ್ರೂ ಸರಿ ಸರಿ ಅಂತಾರೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ನನ್ನ ಮಾತಿಗೆ ಸರಿ ಅಂದವರಲ್ಲ." ಇನ್ನಷ್ಟು ದನಿ ಸಿಕ್ಕರೆ ನಗುವನ್ನೂ ಸೇರಿಸಿಕೊಡುತ್ತೇವೆ, ಎರಡನೆಯ ಭಾಗಕ್ಕೂ ಅದು ಬೇಕು ಎಂದಿದ್ದಾರಂತೆ ಕಂಪನಿಯವರು. ಆಕೆ ಅವಳ ಕೈ ಹಿಡಿದುಕೊಂಡರು. "ನಿಮ್ಮ ಹತ್ರ ಇನ್ನೇನಾದ್ರೂ ಉಳಿದಿದೆಯಾ?"

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಇಪ್ಪತ್ತೊಂಬತ್ತನೆಯ ಪಾಠದಲ್ಲಿ ಅವರು ಸಿಟ್ಟಿಗೆದ್ದು ಕನ್ನಡಿಯನ್ನು ತಳ್ಳಿದ್ದರು. ಮೂವತ್ತಮೂರರಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲ್ಲವೂ ಅವಳ ಚೀಲದಲ್ಲಿತ್ತು. ಫೋನ್ ಮೇಜಿನ ಮೇಲೆ ಸುಮ್ಮನೆ ಬೆಳಗುತ್ತಿತ್ತು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಹಾಗೆ.

ಅದನ್ನು ಮೊದಲು ಆರಿಸಿ ಎಂದಳು. ಆಕೆ ಆರಿಸಿದರು. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ತಾನು ಕದ್ದದ್ದು, ಅಳಿಸುತ್ತೇನೆಂದು ಮಾತು ಕೊಟ್ಟು ತಪ್ಪಿದ್ದು, ಎಂಟು ವರ್ಷ ಬಚ್ಚಿಟ್ಟದ್ದು. ಹೇಳಿದ್ದಷ್ಟೇ ಸಾಲದೆಂದು ರೆಕಾರ್ಡರಿಗೆ ಪೆನ್ ಡ್ರೈವ್ ಸಿಕ್ಕಿಸಿ ಕೊನೆಯ ಪಾಠ ಹಾಕಿದಳು.

ಕೋಣೆಯಲ್ಲಿ ನಿಜವಾದ ದನಿ ತುಂಬಿತು. ಒರಟು, ಒದ್ದೆ, ಮುರಿದ ದನಿ. ಹೆದ... ಹೆರ... ಹೆದರ... ಎಂದು ಒಂಬತ್ತು ಸಲ ಪ್ರಯತ್ನ. ಪ್ರತಿ ಸಲ ಪೆನ್ಸಿಲಿನ ತಟ್ಟು. ಆಮೇಲೆ ತಟ್ಟು ನಿಂತಿತು. "ಇದು... ನಾನಲ್ಲ. ಇವೆಲ್ಲ... ಅಳಿಸಿಬಿಡಿ. ಅವಳಿಗೆ... ಈ ದನಿ ನೆನಪಿರಬಾರದು."

ಆಕೆ ಅಳುತ್ತಾರೆ ಎಂದುಕೊಂಡಿದ್ದಳು. ಆಕೆ ಅಳಲಿಲ್ಲ. ಮುಖ ಕಲ್ಲಾಯಿತು.

"ನಂಗೆ ಹೇಳ್ಲಿಲ್ಲ," ಎಂದರು. "ನಿಮಗೆ ಹೇಳಿದ್ರು."

ಅವಳು ಏನೋ ಸಮಜಾಯಿಷಿ ಕೊಡಲು ಹೋದಳು. ಆಕೆ ಕೇಳಿಸಿಕೊಳ್ಳಲಿಲ್ಲ. ಪೆನ್ ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದು, ಇದು ನನ್ನ ಗಂಡನದು, ನೀವು ಹೊರಡಿ ಎಂದರು. ಎಪ್ಪತ್ತರ ಹೆಂಗಸಿನ ಮುಷ್ಟಿ ಬಿಡಿಸುವುದಾದರೂ ಹೇಗೆ? ಅವಳು ಬರಿಗೈಯಲ್ಲಿ ಮೂರು ಮಹಡಿ ಇಳಿದಳು. ರಸ್ತೆಗೆ ಬಂದ ಮೇಲೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಉಳಿದ ಇಪ್ಪತ್ತೊಂಬತ್ತು ಪಾಠವನ್ನೂ ತಾನೇ ತಂದು ಒಪ್ಪಿಸಿದ ಹಾಗಾಯಿತಲ್ಲ. ಇನ್ನು ಆ ಮನುಷ್ಯನ ಸಿಟ್ಟನ್ನೂ ನಗುವನ್ನೂ ಎಂಜಲನ್ನೂ ಕಂಪನಿಯವರು ಸೋಸಿ, ಬೂದುಗಿಡುಗನ ಬಾಯಿಗೆ ತುಂಬುತ್ತಾರೆ.

ಆಮೇಲಿನ ದಿನಗಳು ಬೆಂಕಿಯ ಮೇಲಿದ್ದ ಹಾಗಿದ್ದವು. ತಾಳಲಾರದೆ ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲ ಹೇಳಿಕೊಂಡಳು. ಅವರು ಬಾಗಿಲು ಹಾಕಿ, ಬರೆದುಕೊಡಿ ಎಂದರು. ಬರೆದುಕೊಟ್ಟಳು. ನೋಡೋಣ ಎಂದರು. ಆ ನೋಡೋಣ ಕತ್ತಿನ ಮೇಲೆ ಕತ್ತಿಯ ಹಾಗೆ ತೂಗಿತು. ತಮ್ಮ ಒಂದು ದಿನ ಸಂಜೆ ತಾನಾಗಿ ಬಂದು ಪಕ್ಕದಲ್ಲಿ ಕೂತ. ಕೆಲಸ ಹೋದರೆ ಹೋಗಲಿ, ನನ್ನ ಸ್ಟೇರಿಂಗ್ ಇದೆಯಲ್ಲ ಎಂದ. ಅವಳು ಅನುಮಾನಪಟ್ಟದ್ದಕ್ಕೆ ಕ್ಷಮೆ ಕೇಳಿದಳು. ಅವನು ಅದನ್ನು ತಮಾಷೆ ಮಾಡಿ ಹಾರಿಸಿಬಿಟ್ಟ.

ಹನ್ನೊಂದು ದಿನವಾದ ಮೇಲೆ ನೆಲಮಾಳಿಗೆಯ ಸಾಲಿನಲ್ಲಿ, ರೋಗಿಗಳ ನಡುವೆ, ಆ ನಟರ ಹೆಂಡತಿ ಚೀಟಿ ಹಿಡಿದು ಕೂತಿದ್ದರು. ಅವಳು ಒಳಗೆ ಕರೆದಳು. ಆಕೆ ಗಂಡ ಕೂರುತ್ತಿದ್ದ ಕಡೆಯೇ ಕೂತು, ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು, ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟರು.

ನಲವತ್ತೊಂದನ್ನೂ ಕೇಳಿದೆ ಎಂದರು. ದಿನಕ್ಕೆ ಮೂರು ನಾಲ್ಕರಂತೆ. ಅದಕ್ಕಿಂತ ಹೆಚ್ಚಿಗೆ ಆಗುತ್ತಿರಲಿಲ್ಲ. ಕಂಪನಿಯವರು ದಿನವೂ ಫೋನ್ ಮಾಡುತ್ತಿದ್ದರು, ಏನೂ ಸಿಗಲಿಲ್ಲ ಎಂದು ಹೇಳಿಬಿಟ್ಟೆ ಎಂದರು. ಮೂವತ್ತಮೂರರ ನಗುವಿನ ವಿಷಯ ಬಂದಾಗ ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಮೊದಲ ಮುಖವಾಡದ ಕಣ್ಣಿನ ತೂತುಗಳನ್ನು ಆಕೆ ಒಂದು ಮೇಲೆ ಒಂದು ಕೆಳಗೆ ಮಾಡಿ ಹೊಲಿದುಬಿಟ್ಟಿದ್ದರು. ಬೂದುಗಿಡುಗ ಮೊದಲ ದಿನದ ಶೂಟಿಂಗಿನಲ್ಲಿ ಗಂಭೀರವಾಗಿ ಓಡಿಬಂದು ನೇರ ಕಂಬಕ್ಕೆ ಗುದ್ದಿದ್ದರು. ಮೂವತ್ತಮೂರನೆಯ ಪಾಠದಲ್ಲಿ ಅವರು ತೊದಲುತ್ತ ಹೇಳಲು ನೋಡಿ, ನಗು ತಡೆಯಲಾರದೆ ಅರ್ಧಕ್ಕೆ ಬಿಟ್ಟ ಕಥೆ ಅದೇ.

"ಅವರು ಬೇಡ ಅಂದಿದ್ರು," ಎಂದರು ಆಕೆ. "ನನ್ನ ಎದುರಿಗೇ ಅಳಿಸಿ."

ಕಂಪ್ಯೂಟರ್ ಖಂಡಿತ ಅಳಿಸಬೇಕೇ ಎಂದು ಕೇಳಿತು. ಅವಳ ಬೆರಳು ಮುಂದೆ ಹೋಗಲಿಲ್ಲ. ಮೂವತ್ತಮೂರನ್ನು ಒಂದೇ ಒಂದು ಸಲ ಕೇಳಿಬಿಡೋಣ ಎಂಬ ಆಸೆಯಾಯಿತು. ಆಕೆಯೇ ಕೈ ಚಾಚಿ ಒತ್ತಿದರು. ಹೊರಡುವಾಗ ಸೆರಗಿನ ಮರೆಯಲ್ಲಿ ಫೋನಿನ ಬೆಳಕು ಕಂಡಿತು. ಅವಳ ಕಣ್ಣು ಅಲ್ಲಿ ಹೋದದ್ದನ್ನು ಆಕೆ ನೋಡಿದರು. "ಇದನ್ನ ಬಿಡಕ್ಕೆ ನನ್ನ ಕೈಲಿ ಆಗ್ತಿಲ್ಲ," ಎಂದು ಮೆಲ್ಲಗೆ ಹೇಳಿ ಹೊರಟರು.

ಆಸ್ಪತ್ರೆಯವರು ಕೆಲಸದಿಂದ ತೆಗೆಯಲಿಲ್ಲ. ಒಂದು ವರ್ಷ ಅವಳು ಯಾರ ದನಿಯನ್ನೂ ರೆಕಾರ್ಡ್ ಮಾಡುವ ಹಾಗಿಲ್ಲ ಎಂದು ಕಾಗದ ಕೊಟ್ಟರು. ಅದು ಅವಳಿಗೆ ಶಿಕ್ಷೆ ಅನಿಸಲೇ ಇಲ್ಲ.

ಎರಡನೆಯ ಭಾಗ ಮರುವರ್ಷವೇ ಬಂತು. ಅವಳು ಹೋಗಲಿಲ್ಲ. ತಮ್ಮ ಒಬ್ಬನೇ ಹೋಗಿಬಂದು, ಬಾಗಿಲಲ್ಲೇ ನಿಂತು ಹೇಳಿದ: "ಈ ಸಲ ನಗ್ತಾರೆ ಅಕ್ಕ."

ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಹೇಗೆ ನಗುತ್ತಾರೆ, ತೋರಿಸು ಎಂದಳು. ಅವನು ಎದೆಯುಬ್ಬಿಸಿ, ತಲೆ ಹಿಂದಕ್ಕೆ ಹಾಕಿ ಗಟ್ಟಿಯಾಗಿ ನಕ್ಕು ತೋರಿಸಿದ. ಅಲ್ಲ. ಅದು ಅವರ ನಗು ಅಲ್ಲವೇ ಅಲ್ಲ. ಬೇರೆ ಯಾರದೋ ನಗುವನ್ನು ತಂದು ಅಂಟಿಸಿದ್ದರು. ಸದ್ಯ, ಮೂವತ್ತಮೂರು ಕಂಪನಿಯವರ ಕೈಗೆ ಸಿಗದೆ ಉಳಿಯಿತು ಎಂದು ಅವಳು ಕುರ್ಚಿಯಲ್ಲಿ ಕುಸಿದಳು.

ಜನ ಏನಂದರು ಎಂದು ಕೇಳಿದಳು. ಜನಕ್ಕೆ ಬಹಳ ಇಷ್ಟವಾಯಿತು, ಹಳೆಯ ನಗುವೇ ಎಂದು ಸೀಟಿ ಹೊಡೆದರು ಎಂದ. ಆಮೇಲೆ ದನಿ ತಗ್ಗಿಸಿ, ನಿಜವಾದ ನಗು ಹೇಗಿತ್ತು ಅಕ್ಕ ಎಂದು ಕೇಳಿದ.

ಅವಳು ಬಾಯಿ ತೆರೆದಳು. ಮೊದಲು ಒಂದು ಸೀಳು ಸದ್ದು, ಆಮೇಲೆ ಎಡಗಡೆಯಿಂದ ಮಾತ್ರ ಬರುವ ಗಾಳಿ, ಆಮೇಲೆ... ಆಮೇಲೆ ಏನು? ತಮ್ಮ ಈಗಷ್ಟೇ ನಕ್ಕ ನಗು ಅಡ್ಡ ಬಂತು. ಕಣ್ಣು ಮುಚ್ಚಿ ಮತ್ತೆ ಹುಡುಕಿದಳು. ತಮ್ಮ ಎದುರಿಗೆ ನಿಂತು ಕಾಯುತ್ತಲೇ ಇದ್ದ.